ಇವತ್ತು ಯಾವ ತಾರೀಖು

ಮುಂಜಾನೆ ಒಂಬತ್ತಕ್ಕ ಖಟಕಾ ಒತ್ತಿದರ
ಮೊದಲು ಕೆಮ್ಮತದ,
ಆಮ್ಯಾಲ ಹಸಿರು ಅಕ್ಷರದಾಗ ಕಣ್ಣು ಬಿಡತದ.
ಇವತ್ತು ಮಂಗಳವಾರ, ಅಂತದ,
ಜನವರಿ ಒಂದು, ಹತ್ತೊಂಬತ್ನೂರ ಎಂಬತ್ತು.
ದಿನಾ ಅದೇ ಮಂಗಳವಾರ.
ಅಲ್ಲೋ ಮಾರಾಯಾ, ಅಂತೀನಿ,
ಖರೇ ತಾರೀಖು ಬರೀತೀನಿ.
ವಾದ ಮಾಡಲ್ಲ. ನಂಬತದ.

ಕಲಬುರಗಿ, ಹುಮನಾಬಾದ್ ರಸ್ತಾ,
ದಾಲ್ ಮಿಲ್ಲಿನ ತೂಕದ ಕಾಂಟಾ,
ಕಾಂಟಾ ಬಾಜೂಕ ಶಹಾಬಾದ್ ಫರಸಿ ಹಾಸಿದ ಖೋಲಿ,
ಖೋಲಿಯೊಳಗ ಅದು, ನಾನು, ಒಂದು ಕೊಡ ನೀರು.
ಎಲ್ಲಾ ಲಾರಿ ಎರಡು ಸಲ ಬರತಾವ,
ತುಂಬಿ ಒಮ್ಮೆ, ಖಾಲಿ ಒಮ್ಮೆ.
ನಡುವಿನ ಫರಕು ತೊಗರಿ.
ಅದಕ್ಕ ಬರೋ ವಿದ್ಯಾ ಇಷ್ಟೇ:
ಕಳೆಯೋದು.

ಕೀಲಿಮಣಿಯಾಗ ಕೆ ಇಲ್ಲ, ಎ ಇಲ್ಲ,
ಮೂರು, ಎರಡು ಬೋಳಾಗ್ಯಾವ
ನಮ್ಮ ಜಿಲ್ಲಾದ ಗಾಡಿ ನಂಬರ ಹೊಡದು ಹೊಡದು.
ಲಾತೂರಿನ ಎಮ್, ಎಚ್ ಅರ್ಧ ಕಾಣತಾವ.
ಝಡ್ ಮಾತ್ರ ಅಂಗಡ್ಯಾಗಿಂದ ಬಂದಂಗೇ ಅದ.
ಪ್ರಿಂಟರಿನ ರಿಬ್ಬನ್ ಈಗ ಎಲ್ಲೂ ಸಿಗಲ್ಲ;
ಸ್ಟಾಂಪ್ ಪ್ಯಾಡಿನ ಮಸಿ ನಾಕು ಹನಿ,
ಕೊಬ್ಬರಿ ಎಣ್ಣಿ ಒಂದು ಹನಿ,
ಮತ್ತ ಮೂರು ತಿಂಗಳು.

ಮೇ ತಿಂಗಳ ಬಿಸಲು ತಗಡು ದಾಟಿ ಒಳಗ ಇಳದಾಗ
ಕಿಟಕಿಗೆ ಹಸೀ ಗೋಣಿ ಕಟ್ಟತೀನಿ.
ನನ್ನ ಸಲುವಾಗಿ ಅಲ್ಲ.
ಸಾಹುಕಾರ ದೇವೀಂದ್ರಪ್ಪ ಎರಡು ಸಲ ಹೊಸಾದು ತಂದ,
ತೆಳ್ಳಂದು, ಕರೇದು, ನೋಡಾಕ ಚಂದ.
ಮೊದಲಿಂದು ಹೊಟ್ಟಿನ ಧೂಳ ಕುಡದು ಮಲಗಿತು.
ಎರಡನೇದು ತಡೀರಿ ಅಪ್ಡೇಟ್ ಆಗತೀನಿ ಅಂತ
ಆರು ಲಾರಿ ನಿಂದರಿಸಿ ಕುಂತಿತು.
ಇದನ್ನೇ ಮತ್ತ ಮೂಲ್ಯಾಗಿಂದ ಎತ್ತಿ ತಂದಿವಿ.
ಸಿಟ್ಟಿಲ್ಲ, ಸೆಡವಿಲ್ಲ,
ಅದೇ ಮಂಗಳವಾರ.

ಚಾಂದಪಾಷಾ ವರ್ಷಕ್ಕೊಮ್ಮೆ ಬಿಚ್ಚತಾನ,
ಸೈಕಲ್ ಪಂಪಿಲೆ ಗಾಳಿ ಹೊಡೀತಾನ.
ಒಂದು ಹಿಡಿ ಬ್ಯಾಳಿ ಬೀಳತದ, ಹಲ್ಲಿ ತತ್ತಿ,
ಹೋದ ವರ್ಷ ನನ್ನದೇ ಒಂದು ಹೇರ್‌ಪಿನ್ನು.
ಒಳಗಿನ ಸೆಲ್ಲು ಕರಗಿ ಬೋರ್ಡ್ ತಿಂದದ, ಜಗದೇವಿ ಅಕ್ಕಾ,
ಹೊಸಾದು ಕುಂದರಲ್ಲ.
ಲೆಕ್ಕ ತಪ್ಪಲ್ಲ ಇದು,
ದಿನ ಮಾತ್ರ ನೀವೇ ಹೇಳಬೇಕು.

ಹೇಳೋದು ನನಗ ಕಲಿಸಿದಂವ ಮಲ್ಕಪ್ಪ.
ನನಗಿಂತ ಮೊದಲು ಈ ಕುರ್ಚಿ ಅವನದು,
ಕುರ್ಚಿಗಿಂತ ಮೊದಲು ಗಂಜಿನಾಗ ಹಮಾಲ.
ನೂರು ಕಿಲೋ ಚೀಲ ಹೊತ್ತು ಹೊತ್ತು
ಕುತ್ತಿಗೆ ಹಿಂದ ಒಂದು ಗಂಟು, ನಿಂಬಿಹಣ್ಣಿನಷ್ಟು.
ಗಾಡಿ ಕಾಂಟಾ ಹತ್ತೋ ಸಪ್ಪಳ ಕೇಳೇ ತೂಕ ಹೇಳತಿದ್ದ.
ಆಮ್ಯಾಲ ಸ್ಕ್ರೀನ್ ನೋಡತಿದ್ದ,
ಅದು ತಪ್ಪಿಲ್ಲ ಅಂತ ಖಾತ್ರಿ ಮಾಡಕೊಳ್ಳಾಕ.

ಅವನ ಸುದ್ದಿ ಬಂದ ಮುಂಜಾನೆ
ಆಗಲೇ ಒಂದು ಗಾಡಿ ನಿಂತಿತ್ತು.
ಖಟಕಾ ಒತ್ತಿದೆ. ಅದು ಕೇಳಿತು.
ಏನೂ ಬರೀದ ಎಂಟರ್ ಹೊಡದೆ.

ಸಂಜೀತನಕ ಹನ್ನೊಂದು ಲಾರಿ.
ಹನ್ನೊಂದೂ ಚೀಟಿ ಮ್ಯಾಲ ಎಂಬತ್ತರ ಜನವರಿ ಒಂದು.
ಆಗ ನಾ ಹುಟ್ಟಿದ್ದಿಲ್ಲ.
ಮಿಲ್ ಇದ್ದಿಲ್ಲ, ಇಲ್ಲಿ ಜ್ವಾಳದ ಹೊಲ ಇತ್ತಂತ.
ಮಲ್ಕಪ್ಪಗ ಹತ್ತೊಂಬತ್ತು,
ಗಂಜಿನಾಗ ಎಲ್ಲೋ ಚೀಲಕ್ಕ ಬೆನ್ನು ಕೊಟ್ಟು ನಿಂತಿದ್ದ,
ಗಂಟು ಇನ್ನೂ ಬಂದಿದ್ದಿಲ್ಲ.

ಸಾಹುಕಾರ ಬೈದ. ಬೈಯಬೇಕಾದ್ದೇ.
ಟ್ಯಾಕ್ಸಿನವರಿಗೆ ಏನಂತ ತೋರಸಲಿ,
ನಲವತ್ತು ವರ್ಷದ ಹಿಂದಿನ ತೊಗರಿ?
ಕೆಂಪು ಪೆನ್ನಿಲೆ ಹತ್ತು ಚೀಟಿ ತಿದ್ದಿದೆ.
ಹನ್ನೊಂದನೇದು ಆಳಂದ ಕಡಿ ಡ್ರೈವರ್ ಒಯ್ದಿದ್ದ,
ಇನ್ನೂ ಅವನ ಕಿಸೇದಾಗ ಇರಬಹುದು:
ಒಂಬತ್ತು ಸಾವಿರದ ನಾಕ್ನೂರ ಎಂಬತ್ತು ಕಿಲೋ.
ತೂಕ ಖರೇ.

ಮರುದಿನ ಕೆಮ್ಮಿತು, ಕೇಳಿತು, ಹೇಳಿದೆ.
ಹೊರಗ ಗಾಡಿ ಕಾಂಟಾ ಹತ್ತಿದ ಸಪ್ಪಳಕ್ಕ
ಕಣ್ಣು ಮುಚ್ಚಿ ನಾನೂ ಒಂದು ತೂಕ ಅಂದುಕೊಂಡೆ,
ಆಮ್ಯಾಲ ಸ್ಕ್ರೀನ್ ನೋಡಿದೆ.

ಆರ್ನೂರು ಕಿಲೋ ತಪ್ಪು.